ಅತ್ತೆಗೊಂದು ಹಸಿರು ಒಲೆ

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಮೆಲ್ಬರ್ನಿನ ವೆರಿಬಿ ಸಬರ್ಬಿನ ಒಂದು ಬೀದಿಯಲ್ಲಿ ಗುರುದತ್ತ ಪರರ ಒಲೆಯನ್ನು ತಬ್ಬಿಕೊಂಡು ನಿಂತಿದ್ದ. ತಬ್ಬಿಕೊಂಡಿದ್ದ ಎನ್ನುವುದು ಅವನ ಮಾನ ಉಳಿಸುವ ಮಾತು. ನಿಜ ಹೇಳಬೇಕೆಂದರೆ ಒಲೆಯೇ ಅವನನ್ನು ಬೇಲಿಗೆ ಒತ್ತಿ ಹಿಡಿದಿತ್ತು. ಟ್ರಾಲಿಯ ಗಾಲಿ ಒದ್ದೆ ಹುಲ್ಲಿನಲ್ಲಿ ಹೂತು, ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ ನಿಧಾನವಾಗಿ ಅವನ ಕಡೆಗೇ ವಾಲಿಕೊಂಡಿತ್ತು. ಬಿಟ್ಟರೆ ಕಾಲ ಮೇಲೆ ಬೀಳುತ್ತದೆ, ಹಿಡಿದರೆ ಉಸಿರು ಕಟ್ಟುತ್ತದೆ.

ಆ ಊರಿನಲ್ಲಿ ವರ್ಷಕ್ಕೊಮ್ಮೆ ಕೌನ್ಸಿಲಿನವರು, ಅಂದರೆ ಅಲ್ಲಿನ ಪುರಸಭೆಯವರು, ಹಳೇ ಸಾಮಾನು ಒಯ್ಯಲು ಬರುತ್ತಾರೆ. ಅದಕ್ಕೂ ಮೊದಲು ಜನ ತಮಗೆ ಬೇಡವಾದ ಸೋಫಾ, ಮಂಚ, ಮಕ್ಕಳ ಸೈಕಲ್ಲುಗಳನ್ನು ಮನೆ ಮುಂದಿನ ಹುಲ್ಲಿನ ಮೇಲೆ ಇಡುತ್ತಾರೆ. ಬೇಕಾದವರು ಹೊತ್ತುಕೊಂಡು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಆಸ್ಟ್ರೇಲಿಯಾದ ಹಬ್ಬಗಳಲ್ಲೆಲ್ಲ ಗುರುದತ್ತನಿಗೆ ಮನಸಾರೆ ಹಿಡಿಸಿದ ಹಬ್ಬ ಇದೊಂದೇ.

ಬಾಗಿಲು ತೆರೆದು ಒಬ್ಬ ಮುದುಕ ಹೊರಬಂದ. ಒಂದು ಕೈಯಲ್ಲಿ ಕಾಫಿ ಮಗ್, ಇನ್ನೊಂದರಲ್ಲಿ ನೀರಿನ ಪೈಪು.

“ಮೇಟ್, ನನ್ನ ಒಲೆಯ ಜೊತೆ ನಿನಗೇನಾದರೂ ಸಹಾಯ ಬೇಕೇ?” ಎಂದು ಬಹಳ ಮರ್ಯಾದೆಯಿಂದ ಕೇಳಿದ.

‘ನನ್ನ’ ಎಂಬ ಪದ ಗುರುದತ್ತನ ಕಿವಿಗೆ ಬಿತ್ತು. ಕೆವಿನ್ ಎಂಬ ಆ ಮುದುಕ ತೊಳೆಯಲೆಂದು ಒಲೆಯನ್ನು ಹೊರಗಿಟ್ಟಿದ್ದನಂತೆ. ಬಿಸಾಡಿರಲಿಲ್ಲ. ಗುರುದತ್ತ ಬೇಲಿಗೆ ಅಂಟಿಕೊಂಡಿದ್ದಲ್ಲಿಂದಲೇ ಆರು ಬಗೆಯಲ್ಲಿ ಸಾರಿ ಕೇಳಿದ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಅವನಿಗೆ ಪಕ್ಕಾ ಕಲಿಸಿದ್ದೇ ಅದನ್ನು.

“ಇದು ನಿನಗೆ ಯಾಕೆ?”

“ನಮ್ಮ ಅತ್ತೆಗೆ ಚಳಿ. ಕಣ್ಣಿಗೆ ಕಾಣುವ ಬೆಂಕಿ ಇಲ್ಲದಿದ್ದರೆ ಸಿಡ್ನಿಗೆ ಹೊರಟುಬಿಡ್ತಾರೆ.”

“ಅತ್ತೆ,” ಎಂದ ಕೆವಿನ್. ಒಂದು ಗುಟುಕು ಕಾಫಿ ಕುಡಿದ. “ಅವರು ಹೋಗಬೇಕು ಅಂತಲೋ, ಇರಬೇಕು ಅಂತಲೋ?”

“ಇರಬೇಕು ಅಂತ.”

ಅಂಥ ಅಳಿಯನನ್ನು ಕೆವಿನ್ ಜನ್ಮದಲ್ಲಿ ನೋಡಿರಲಿಲ್ಲವೇನೋ. ಪೈಪನ್ನು ಕೆಳಗಿಟ್ಟ. “ತಗೊಂಡು ಹೋಗು. ಅದು ಹೊತ್ತಿ ಯಾವ ಕಾಲವಾಯಿತೋ,” ಎಂದು ತಾನೇ ಒಂದು ಕೈ ಕೊಟ್ಟು ಕಾರಿನ ಹಿಂಬದಿಗೆ ಏರಿಸಿದ.

ಗುರುದತ್ತ ಮೈಸೂರಿನ ಸರಸ್ವತಿಪುರಂನವನು. ಅವನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದವರ ಕೊರಳಿಗೆ ಒಂದು ರಟ್ಟಿನ ಹಲಗೆ ತೂಗಿ ಹಾಕುತ್ತಿದ್ದರು. ಆ ಹಲಗೆ ಸವೆದದ್ದು ಬಹುಪಾಲು ಇವನ ಕೊರಳಲ್ಲೇ. ಅಲ್ಲಿ ನಾಲಿಗೆಯಡಿ ಬಚ್ಚಿಟ್ಟ ಕನ್ನಡ ಮುಂದೆ ಶ್ಲೇಷೆಯಾಗಿ ಹೊರಬರಲು ಶುರುವಾದದ್ದು ಇನ್ನೂ ನಿಂತಿಲ್ಲ. ಒಂದು ಪದಕ್ಕೆ ಎರಡು ಅರ್ಥವಿದ್ದರೆ ಎರಡನ್ನೂ ಮಾತಾಡಿಸದೆ ಬಿಟ್ಟವನಲ್ಲ. ಮೆಲ್ಬರ್ನಿಗೆ ಓದಲು ಬಂದ, ಕಾಯಂ ನೆಲೆಸಲು ಪಿಆರ್ ಆಯಿತು, ಟ್ರುಗನಿನಾದಲ್ಲಿ ಮನೆಯಾಯಿತು, ಮನೆಗೆ ತಕ್ಕ ಮಾರ್ಟ್‌ಗೇಜೂ ಆಯಿತು. ವಿಮೆ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಕೆಲಸ. ದಿನವಿಡೀ ತಪ್ಪು ಹುಡುಕಿ ದಣಿದವನಿಗೆ, ಕೈಯಾರೆ ಒಂದಾದರೂ ಸರಿಯಾದದ್ದನ್ನು ಮಾಡಬೇಕೆಂಬ ಹಂಬಲ. ಆ ಹಂಬಲದ ಅವಶೇಷಗಳು ಗರಾಜಿನ ತುಂಬ ಇದ್ದವು: ತಿದಿಯಿಲ್ಲದ ಹಾರ್ಮೋನಿಯಂ, ಮುಳ್ಳಿಲ್ಲದ ಗೋಡೆ ಗಡಿಯಾರ, ಸ್ಟ್ಯಾಂಡ್ ಫ್ಯಾನಿನ ಸ್ಟ್ಯಾಂಡು. ಬಿಚ್ಚಿದ್ದಕ್ಕೆ ಸಾಕ್ಷಿ ಬೇಕಾದಷ್ಟಿತ್ತು. ಕೂಡಿಸಿದ್ದಕ್ಕೆ ಇರಲಿಲ್ಲ.

ಹೆಂಡತಿ ನೀಲಾಂಬಿಕಾ ರಾಣೆಬೆನ್ನೂರಿನವಳು, ಇಂಜಿನಿಯರಿಂಗ್ ಕಾಲೇಜಿನಲ್ಲಿ ಇವನ ಸಹಪಾಠಿ. ಇವನದು ನಾಮದವರ ಮನೆ, ಅವಳದು ವಿಭೂತಿಯವರ ಮನೆ. ಮದುವೆಯ ಸುದ್ದಿ ತಿಳಿದಾಗ ಎರಡೂ ಕಡೆಯವರು ಹಣೆ ಹಣೆ ಚಚ್ಚಿಕೊಂಡರು, ಒಬ್ಬರು ಉದ್ದಕ್ಕೆ, ಒಬ್ಬರು ಅಡ್ಡಕ್ಕೆ. ಆಮೇಲೆ ಇಂಚರಾ ಹುಟ್ಟಿದಳು, ಹಣೆಗಳೆಲ್ಲ ಸರಿಹೋದವು.

ಆ ವರ್ಷ ಮೇ ತಿಂಗಳಲ್ಲಿ, ಅಲ್ಲಿ ಚಳಿಗಾಲ ಶುರುವಾಗುವ ಹೊತ್ತಿಗೆ, ನೀಲಾಂಬಿಕಾಳ ತಾಯಿ ರತ್ನವ್ವ ಬಂದಿಳಿದರು. ರಾಣೆಬೆನ್ನೂರಿನ ತಮ್ಮ ಕಿರಾಣಿ ಅಂಗಡಿಯ ಗಲ್ಲಾದ ಮೇಲೆ ಅರ್ಧ ಆಯುಷ್ಯ ಕೂತ ಹೆಂಗಸು. ಸಕ್ಕರೆಯನ್ನು ತೂಗಿದಂತೆಯೇ ಮಾತನ್ನೂ ತೂಗುತ್ತಿದ್ದರು. ಕೊಸರು ಹಾಕುವ ಅಭ್ಯಾಸ ಇರಲಿಲ್ಲ. ಈವರೆಗೆ ಆಸ್ಟ್ರೇಲಿಯಾಕ್ಕೆ ಬಂದಾಗಲೆಲ್ಲ ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಮಗ ಯೋಗೀಶನ ಮನೆಯಲ್ಲೇ ಇದ್ದು ಹೋಗುತ್ತಿದ್ದರು. ಮಗಳ ಮನೆಯಲ್ಲಿ ಇರಲು ಬಂದದ್ದು ಇದೇ ಮೊದಲು.

ಮೊದಲ ದಿನವೇ ಅಳಿಯ ಸ್ವಾಗತಿಸಿದ. “ಬನ್ನಿ ಅತ್ತೆ. ನೀವು ಅತ್ತೆ ಆದ್ರೂ ಇಲ್ಲಿ ಯಾರೂ ಅತ್ತೇ ಇಲ್ಲ, ಎಲ್ಲರೂ ನಕ್ಕಿದ್ದೇ!”

ರತ್ನವ್ವ ಶಾಲನ್ನು ಬಿಗಿಯಾಗಿ ಹೊದ್ದುಕೊಂಡರು. “ಥಂಡಿ ಭಾಳ ಐತ್ರಿ ಇಲ್ಲಿ,” ಎಂದರು.

ಥಂಡಿಯ ಮಾತು ಅಲ್ಲಿಂದ ಶುರುವಾಯಿತು. ಮನೆಗೆ ಹೀಟಿಂಗ್ ಇಲ್ಲವೆಂದಲ್ಲ. ಸೀಲಿಂಗಿನ ತೂತುಗಳಿಂದ ಬಿಸಿಗಾಳಿ ಬೀಸುತ್ತಿತ್ತು. “ತಲಿ ಸುಡತೈತಿ, ಕಾಲು ಸೆಟಗೊಂಡಾವು. ಬೆಂಕಿ ಅಂದ್ರ ಮಾರಿ ಕಾಣಬೇಕ್ರಿ,” ಎಂದು ರತ್ನವ್ವ ದೂರಿದರು. ಗುರುದತ್ತ ಸಂಜೆ ಆಫೀಸಿನಿಂದ ಬಂದು ಪಕ್ಕದಲ್ಲಿ ಕೂತು ದಿನದ ಶ್ಲೇಷೆಗಳನ್ನು ಒಪ್ಪಿಸುವ ಹೊತ್ತಿಗೆ ಥಂಡಿ ವಿಪರೀತವಾಗುತ್ತಿತ್ತು. ಒಂದು ಶಾಲಿದ್ದದ್ದು ಎರಡಾಯಿತು, ಮಂಕಿ ಟೋಪಿಯೂ ಬಂತು. ಟೋಪಿಯನ್ನು ಅವರು ಕಿವಿ ಮುಚ್ಚುವಂತೆ ಎಳೆದುಕೊಳ್ಳುತ್ತಿದ್ದರು.

ಒಂದು ಭಾನುವಾರ ಯೋಗೀಶನ ಫೋನು ಬಂತು. “ಅವ್ವಾ, ಇಲ್ಲಿ ಅಷ್ಟು ಥಂಡಿ ಇಲ್ಲ, ಬಂದ್ಬಿಡು. ಜುಲೈ ಮುಗಿಯೋದ್ರಾಗ ಟಿಕೆಟ್ ಬುಕ್ ಮಾಡ್ತೀನಿ.” ರತ್ನವ್ವ ಇಲ್ಲವೆನ್ನಲಿಲ್ಲ.

ಅಂದು ಅಡುಗೆಮನೆಯಲ್ಲಿ ನೀಲಾಂಬಿಕಾ ಗಂಡನಿಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಾ ಹೇಳಿದಳು. “ಯಾವತ್ತೂ ಅವನ ಮನೇನೇ, ಗುರು, ಅವ್ವಂಗೆ. ನಮ್ಮನೇಲಿ ಒಂದು ಚಳಿಗಾಲ ಪೂರ್ತಿ ಇರ್ತಾಳೆ ಅಂದ್ಕೊಂಡಿದ್ದೆ.”

ತೊಳೆದ ತಟ್ಟೆಯನ್ನೇ ಅವಳು ಮತ್ತೆ ತೊಳೆದಳು. ಗುರುದತ್ತನಿಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ. ಅದರ ಮುಂದಿನ ಶನಿವಾರವೇ ಅವನು ವೆರಿಬಿಯ ಬೇಲಿಗೆ ಅಂಟಿಕೊಂಡದ್ದು.

ಒಲೆಯನ್ನು ಗರಾಜಿನಲ್ಲಿ ಇಳಿಸಿದಾಗ ಮನೆಯವರೆಲ್ಲ ಬಂದು ಸುತ್ತ ನಿಂತರು. ಮೈತುಂಬ ತುಕ್ಕು. ಬಾಗಿಲಿನ ಗಾಜು ಮಸಿ ಹಿಡಿದು ಕುರುಡಾಗಿತ್ತು. ಹಿಂದುಗಡೆ ಬಾಲದಂತೆ ಒಂದು ವೈರು, ವೈರಿನ ತುದಿಗೆ ಪ್ಲಗ್ಗು.

“ಒಲಿಗೆ ಕರೆಂಟ್ ಯಾಕ್ರಿ?” ಎಂದು ರತ್ನವ್ವ ಕೇಳಿದರು.

ಗುರುದತ್ತ ವಿವರಿಸಿದ. ಇದು ಪೆಲೆಟ್ ಒಲೆ. ಸೌದೆ ಬೇಡ. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಸಣ್ಣ ಗುಳಿಗೆಗಳನ್ನು ಮೇಲಿನ ಪೆಟ್ಟಿಗೆಗೆ ಸುರಿದರೆ, ಒಳಗಿನ ತಿರುಪೊಂದು ತಿರುಗಿ ತಿರುಗಿ ಅವನ್ನು ಒಂದೊಂದಾಗಿ ಬೆಂಕಿಗೆ ಉಣಿಸುತ್ತದೆ. ತಿರುಪು ತಿರುಗಲು, ಗಾಳಿ ಊದಲು ಕರೆಂಟು. ರತ್ನವ್ವ ಅವನು ತಂದಿದ್ದ ಚೀಲದಿಂದ ಒಂದು ಹಿಡಿ ಗುಳಿಗೆ ಕೈಗೆತ್ತಿಕೊಂಡು ಮೂಸಿದರು.

“ಇದು ಎಮ್ಮಿಗೆ ಹಾಕೋ ಹಿಂಡಿ ಅಲ್ಲೇನ್ರಿ?”

“ಹಿಂಡಿ ಅಲ್ಲ ಅತ್ತೆ. ಆದ್ರೆ ಇದನ್ನ ರಿಪೇರಿ ಮಾಡೋದ್ರೊಳಗೆ ನನ್ನನ್ನ ಹಿಂಡಿಬಿಡುತ್ತೆ.”

“ನೀಲಾ, ಒಳಗ ಹೋಗೂಣು. ಥಂಡಿ.”

“ಅಪ್ಪಾ, ದಟ್ ವಾಸ್ ಪೇನ್‌ಫುಲ್,” ಎಂದು ಇಂಚರಾ ಅಜ್ಜಿಯ ಹಿಂದೆಯೇ ನಡೆದಳು.

ಮೊದಲ ಕೆಲಸ ಬೂದಿ ತೆಗೆಯುವುದು. ಗುರುದತ್ತ ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದು ಹಚ್ಚಿದ. ಅದು ಮುಂದಿನಿಂದ ನುಂಗಿದ ಮಸಿಯನ್ನೆಲ್ಲ ಹಿಂದಿನಿಂದ ನಯವಾಗಿ ಉಗುಳಿತು. ಗರಾಜಿನಲ್ಲಿ ಒಣಹಾಕಿದ್ದ ಬೆಡ್‌ಶೀಟುಗಳು ಬಣ್ಣ ಬದಲಿಸಿದ ಮೇಲೆಯೇ ಅವನಿಗೆ ಸಂಗತಿ ತಿಳಿದದ್ದು. ಅವನು ಹೊರಗೆ ಬಂದಾಗ ಪಕ್ಕದ ಮನೆಯ ಪಂಜಾಬಿ ಅಂಕಲ್ ಹಿಂದಿಯಲ್ಲಿ, “ಬೇಟಾ, ಫೈರ್ ಬ್ರಿಗೇಡಿಗೆ ಫೋನ್ ಮಾಡಲಾ?” ಎಂದು ಕೇಳಿದರು. ಬೂದಿ ತೆಗೆಯಲು ಬೇರೆಯದೇ ವ್ಯಾಕ್ಯೂಮ್ ಇರುತ್ತದೆ ಎಂದು ಹಾರ್ಡ್‌ವೇರ್ ಅಂಗಡಿಯವನು ಹೇಳಿದ, ಎಲ್ಲರೂ ಹೇಳುವಂತೆ ಎಲ್ಲ ಆದ ಮೇಲೆ.

ಆದರೆ ಈ ಸಲ ಗುರುದತ್ತ ಬಿಡಲಿಲ್ಲ. ತಟ್ಟೆಯನ್ನು ಎರಡು ಸಲ ತೊಳೆದ ಆ ಕೈಗಳು ಅವನ ಕಣ್ಣ ಮುಂದಿದ್ದವು. ಆಫೀಸಿನಿಂದ ಬಂದವನೇ ಕಾಫಿ ಕುಡಿದು ಗರಾಜಿಗೆ ಇಳಿಯುತ್ತಿದ್ದ. ತಿರುಪಿನಲ್ಲಿ ಹಳೇ ಗುಳಿಗೆಗಳು ನೀರು ಕುಡಿದು ಉಬ್ಬಿ ಸಿಮೆಂಟಿನಂತೆ ಗಟ್ಟಿಯಾಗಿದ್ದವು. ಅವನ್ನು ಸ್ಕ್ರೂಡ್ರೈವರಿನಿಂದ ಕೆತ್ತಿ ಕೆತ್ತಿ ತೆಗೆದ. ಬಾಗಿಲಿನ ಸಂದಿಗೆ ಬೆಂಕಿ ತಡೆಯುವ ಹೊಸ ಹಗ್ಗ ಕೂರಿಸಿದ. ಒದ್ದೆ ಪೇಪರನ್ನು ಅದೇ ಬೂದಿಯಲ್ಲಿ ಅದ್ದಿ ಉಜ್ಜಿದರೆ ಗಾಜಿನ ಮಸಿ ಬಿಡುತ್ತದೆಂದು ಯಾವುದೋ ವೀಡಿಯೋದಲ್ಲಿ ನೋಡಿ ಉಜ್ಜಿದ. ಗಾಜಿಗೆ ಕಣ್ಣು ಬಂತು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿ, ಮರಳು ಕಾಗದ ತಿಕ್ಕಿ, ಕೊನೆಗೆ ಕಬ್ಬಿಣದ ನಿಜವಾದ ಮೈ ಕಾಣಿಸಿದಾಗ ಅವನೊಬ್ಬನೇ ನಿಂತು ಬಹಳ ಹೊತ್ತು ನೋಡಿದ.

ಆಮೇಲೆ ಬಣ್ಣದ ಪ್ರಶ್ನೆ ಬಂತು. ಇಂಥ ಒಲೆಗಳಿಗೆ ಉರಿ ತಡೆಯುವ ಬೇರೆಯೇ ಬಣ್ಣ ಬೇಕು. ಡಬ್ಬದಿಂದ ಸಿಂಪಡಿಸುವಂಥದ್ದು, ಸಾಮಾನ್ಯವಾಗಿ ಕಪ್ಪು.

“ಕರಿ ಯಾಕ್ರಿ ಹಚ್ತೀರಿ? ಒಲಿ ತಾನ ಕರಿ ಆಗ್ತೈತಿ. ಅದಕ್ಕ ರೊಕ್ಕ ಕೊಡಬೇಕ?” ಎಂದರು ರತ್ನವ್ವ. “ಹಸರು ಹಚ್ರಿ. ಕಣ್ಣಿಗೆ ತಂಪು.”

“ಅತ್ತೆ, ಬಿಸಿ ಬೇಕು ಅಂತ ಒಲೆ ತಂದ್ರೆ ಅದರಲ್ಲೂ ತಂಪು ಕೇಳ್ತೀರಲ್ಲ!”

ರತ್ನವ್ವ ಟೋಪಿಯನ್ನು ಕಿವಿಗೆ ಎಳೆದುಕೊಂಡರು.

ಅಂತೂ ಕಡು ಹಸಿರು ಡಬ್ಬ ಸಿಕ್ಕಿತು. ಗಾಜಿಗೂ ಗುಂಡಿಗಳಿಗೂ ಟೇಪು ಅಂಟಿಸಿ, ಗರಾಜಿನ ಬಾಗಿಲು ಪೂರ್ತಿ ತೆರೆದು, ಮೂಗು ಬಾಯಿ ಎರಡೂ ಮುಚ್ಚುವ ದಪ್ಪ ಮಾಸ್ಕ್ ಕಟ್ಟಿಕೊಂಡು ಗುರುದತ್ತ ಬಣ್ಣ ಸಿಂಪಡಿಸಲು ನಿಂತ. ಒಂದು ತೆಳುವಾದ ಪದರ, ಅದು ಒಣಗಿದ ಮೇಲೆ ಇನ್ನೊಂದು. ನಡುವೆ ಮಾಸ್ಕ್ ಬಿಚ್ಚದೆಯೇ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ಹೊರಗೆ ಆ ಚಳಿಗಾಲದಲ್ಲೇ ಅತಿ ಕೆಟ್ಟ ಗಾಳಿ ಬೀಸುತ್ತಿತ್ತು. ರತ್ನವ್ವ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಒಂದು ಹಾಡು ಗುನುಗಿದರು. ಅಳಿಯನ ಕಡೆ ತಿರುಗಿ ನಕ್ಕೂ ನಕ್ಕರು.

“ಇವತ್ತು ಅಷ್ಟೇನ್ ಥಂಡಿ ಇಲ್ಲ ನೋಡ್ರಿ,” ಎಂದರು.

ಮಾಸ್ಕಿನೊಳಗಿಂದ ಗುರುದತ್ತ ಏನೋ ಹೇಳಲು ಹೋದ. ‘ಮ್ಫ್’ ಎಂದಷ್ಟೇ ಕೇಳಿತು.

ಲೈಸೆನ್ಸ್ ಇದ್ದ ಕೆಲಸಗಾರನೊಬ್ಬ ಬಂದು, ಒಲೆಯನ್ನು ನಡುಮನೆಯಲ್ಲಿ ನಿಲ್ಲಿಸಿ, ಹೊಗೆ ಕೊಳವೆ ಕೂಡಿಸಿ, ಒಲೆಯ ಹೊಟ್ಟೆ ತಟ್ಟಿ, “ಸೊಗಸಾಗಿದೆ” ಎಂದು ಸರ್ಟಿಫಿಕೇಟ್ ಬರೆದುಕೊಟ್ಟ. ಹೋಗುವಾಗ ಎಚ್ಚರಿಕೆಯನ್ನೂ ಹೇಳಿದ. ಹೊಸ ಬಣ್ಣ ಇನ್ನೂ ಮೆದು. ಮೊದಲು ಸಣ್ಣ ಉರಿಯಲ್ಲಿ, ಆಮೇಲೆ ದೊಡ್ಡ ಉರಿಯಲ್ಲಿ ಅದನ್ನು ಬೇಯಿಸಬೇಕು. ಅದು ಗಟ್ಟಿಯಾಗುವ ತನಕ ಮೇಲೆ ಒಂದು ಹನಿ ನೀರೂ ಬೀಳಕೂಡದು.

ಮೊದಲ ಉರಿಯ ದಿನ ಭಾನುವಾರ. ಗುರುದತ್ತ ಕಿಟಕಿಗಳನ್ನೆಲ್ಲ ತೆರೆದು ಗುಂಡಿ ಒತ್ತಿದ. ತಿರುಪು ಗೊರಗೊರ ಅಂದಿತು, ಗುಳಿಗೆಗಳು ಟಪಟಪ ಉದುರಿದವು, ಗಾಜಿನ ಹಿಂದೆ ಒಂದು ಸಣ್ಣ ಕಿತ್ತಳೆ ನಾಲಿಗೆ ಎದ್ದು ನಿಂತಿತು. ನೀಲಾಂಬಿಕಾ ಚಪ್ಪಾಳೆ ತಟ್ಟಿದಳು. ಅವನು ಏನನ್ನಾದರೂ ಮುಗಿಸಿದ್ದು ಆ ಮನೆಯಲ್ಲಿ ಅದೇ ಮೊದಲು.

ಅಷ್ಟರಲ್ಲಿ ರತ್ನವ್ವ ಅರಿಶಿನ ಕುಂಕುಮ ಹಚ್ಚಿದ ಸ್ಟೀಲ್ ಪಾತ್ರೆ ಹಿಡಿದು ಬಂದರು. ಅದರಲ್ಲಿ ಕಂಠಮಟ್ಟ ಹಾಲು.

“ಅತ್ತೆ! ಬೇಡಿ, ಬಣ್ಣ ಇನ್ನೂ ಹಸಿ!”

“ಹೊಸಾ ಒಲಿ ಮ್ಯಾಲೆ ಹಾಲು ಉಕ್ಕಬೇಕ್ರಿ. ಹಾಲು ಉಕ್ಕದ ಒಲಿ ಮುಂದ ನಾ ಕೂಡಂಗಿಲ್ಲ.”

ಗುರುದತ್ತ ನೀಲಾಂಬಿಕಾಳ ಕಡೆ ನೋಡಿದ. ಅವಳು ಬಣ್ಣದ ಕಡೆ ನೋಡಲಿಲ್ಲ, ಅವನ ಕಡೆ ನೋಡಿದಳು. ಅವನು ಕೈ ಚಾಚಿ ಪಾತ್ರೆಯನ್ನು ತೆಗೆದುಕೊಂಡು ತಾನೇ ಒಲೆಯ ತಲೆಯ ಮೇಲೆ ಇಟ್ಟ.

ಎಲ್ಲರೂ ಕಾದರು. ಪೆಲೆಟ್ ಒಲೆ ಕಾವನ್ನು ಮುಂದಕ್ಕೆ ಊದುತ್ತದೆಯೇ ಹೊರತು ತಲೆಯ ಮೇಲೆ ಇಟ್ಟುಕೊಳ್ಳುವುದಿಲ್ಲ. ಇಂಚರಾ ಫೋನಿನ ದಿಕ್ಸೂಚಿ ತೆರೆದು, “ದಿಸ್ ವೇ ಈಸ್ ಈಸ್ಟ್, ಅಜ್ಜಿ,” ಎಂದು ಹಾಲು ಯಾವ ಕಡೆ ಉಕ್ಕಿದರೆ ಒಳ್ಳೆಯದೆಂದು ತೋರಿಸುತ್ತಾ ನಿಂತಳು. ಹಾಲು ಕೆನೆಗಟ್ಟಿತು, ಉಕ್ಕಲಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಗುರುದತ್ತನಿಂದ ಆಗುವ ಮಾತೇ? “ನೋಡಿ ಅತ್ತೆ, ಹಾಲು ಕಾಯ್ತಾ ಇದೆ, ನಾವೂ ಕಾಯ್ತಾ ಇದೀವಿ! ಒಲೆ ಉಕ್ಕಿಂದು, ಹಾಲೂ ಉಕ್ಕೋದು! ಉಕ್ಕಿನ ಮೇಲೆ ಉಕ್ಕು! ಒಲೆ ಮುಂದೆ ಕೂತ ಮೇಲಾದ್ರೂ ಅತ್ತೆ ಒಲೀತಾರೋ ಇಲ್ವೋ!”

“ಬೆಂಕಿ ಮುಂದ ಕುಂತರೂ ಥಂಡಿ ಹೋಗವಲ್ದು,” ಎಂದು ರತ್ನವ್ವ ಎರಡನೇ ಶಾಲಿಗೆ ಕೈಹಾಕಿದರು.

ಗುರುದತ್ತ ಗಾಬರಿಯಾಗಿ ಉರಿಯ ಗುಂಡಿಯನ್ನು ಒಮ್ಮೆಲೇ ತುದಿಗೆ ತಿರುಗಿಸಿದ. ನಾಲಿಗೆಯಂತಿದ್ದ ಬೆಂಕಿ ಬುಸುಗುಟ್ಟಿತು. ಹಸಿ ಬಣ್ಣ ಹೊಗೆಯಾಡಿತು. ಸೀಲಿಂಗಿನ ಸ್ಮೋಕ್ ಅಲಾರ್ಮ್ ಕಿವಿ ಹರಿಯುವಂತೆ ಕಿರುಚಿಕೊಂಡಿತು. ನೀಲಾಂಬಿಕಾ ಟವೆಲು ಬೀಸಿದಳು, ಇಂಚರಾ ಕುರ್ಚಿ ಹತ್ತಿದಳು, ಗುರುದತ್ತ ಪೊರಕೆಯ ಹಿಡಿಯಿಂದ ಅಲಾರ್ಮನ್ನು ಕುಟ್ಟಿದ. ಎಲ್ಲರೂ ಮೇಲೆ ನೋಡುತ್ತಿದ್ದ ಆ ಒಂದು ಕ್ಷಣವನ್ನೇ ಹಾಲು ಕಾದಿತ್ತು. ಬುಸ್ಸೆಂದು ಉಕ್ಕಿ, ಒಲೆಯ ಮುಖದ ಮೇಲಿಂದ ಹರಿದು, ಬಣ್ಣದ ಜೊತೆಗೇ ಬೆಂದು ಅಂಟಿಕೊಂಡಿತು. ಅಲಾರ್ಮ್ ನಿಂತಾಗ ಹಸಿರು ಒಲೆಯ ಹಣೆಯ ಮೇಲೆ ಮೂರು ಉದ್ದನೆಯ ಗೆರೆಗಳು ಮೂಡಿದ್ದವು, ಅಕ್ಕಪಕ್ಕದವು ಬಿಳಿ, ನಡುವಿನದು ಕೆಂಚು.

ಗುರುದತ್ತ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿದ. ಗೆರೆ ಜಪ್ಪಯ್ಯ ಅನ್ನಲಿಲ್ಲ. ವಾರಗಟ್ಟಲೆ ತಿಕ್ಕಿದ, ತೀಡಿದ, ಸಿಂಪಡಿಸಿದ ಮುಖ ಅದು.

“ಒಲಿ ನಾಮ ಹಾಕ್ಕೊಂತಲ್ರಿ,” ಎಂದರು ರತ್ನವ್ವ. “ಅದು ನಿಮ್ಮ ಮಂದೀದ ಆತು ಬಿಡ್ರಿ.”

ನೀಲಾಂಬಿಕಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಗುರುದತ್ತನೂ ನಕ್ಕ. ನಕ್ಕವನು ಸುಮ್ಮನಿದ್ದನೇ? ಇಂಥ ನಾಮ ಕೈಗೆ ಸಿಕ್ಕ ಮೇಲೆ ಬಿಡುವುದುಂಟೇ? “ಅಂದ್ರೆ ಅತ್ತೆ, ಒಲೆ ನನಗೇ ನಾಮ ಹಾಕ್ತು ಅಂತ…” ಎಂದು ಆರಂಭಿಸಿದ.

ರತ್ನವ್ವ ಕೈ ಎತ್ತಿದರು. ಗಲ್ಲಾದ ಮೇಲಿಂದ ಸಾಲ ಕೇಳುವವರನ್ನು ನಿಲ್ಲಿಸುತ್ತಿದ್ದ ಕೈ ಅದು.

“ಅಳಿಯಂದ್ರ, ಬೆಂಕಿ ಮುಂದ ಕುಂತಾಗ ಮಾತಾಡಬಾರದ್ರಿ. ನಮ್ಮ ಕಡೆ ಹಂಗ ಪದ್ಧತಿ.”

ನೀಲಾಂಬಿಕಾ ಬೆಚ್ಚಿ ತಾಯಿಯ ಮುಖ ನೋಡಿದಳು. ರಾಣೆಬೆನ್ನೂರಿನ ಆ ಮನೆಯಲ್ಲೇ ಹುಟ್ಟಿ, ತಾಯಿಯ ಒಲೆಯ ಮುಂದೆಯೇ ಬೆಳೆದವಳು ಅವಳು. ಇಂಥ ಪದ್ಧತಿಯ ಹೆಸರನ್ನೇ ಕೇಳಿರಲಿಲ್ಲ. ತಾಯಿಯ ಮುಖದಲ್ಲಿ ಏನು ಕಂಡಳೋ, ತಕ್ಷಣ ಗಂಡನ ಕಡೆ ತಿರುಗಿದಳು.

“ಹೂಂ ಗುರು. ಹಾಗೇ. ತುಂಬಾ ಹಳೇ ಪದ್ಧತಿ.”

ಗುರುದತ್ತ ಇಬ್ಬರನ್ನೂ ನೋಡಿದ. ತಪ್ಪು ಹುಡುಕುವುದೇ ಅವನ ಹೊಟ್ಟೆಪಾಡು. ಆದರೂ ಬಾಯಿ ಮುಚ್ಚಿ, ಬೆಂಕಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

ಅಂದಿನಿಂದ ಟ್ರುಗನಿನಾದ ಆ ಮನೆಯಲ್ಲಿ ದೀಪ ಹಚ್ಚಿದ ಹೊತ್ತಿನಿಂದ ಊಟದ ತನಕ ಒಲೆಯೊಂದೇ ಮಾತಾಡುತ್ತಿತ್ತು. ಮೊದಲ ಕೆಲವು ಸಂಜೆ ಗುರುದತ್ತನ ಗಂಟಲಲ್ಲಿ ಮಾತು ಉಕ್ಕಿ ಉಕ್ಕಿ ಬಂದು, ಅವನು ಉಗುಳು ನುಂಗಿ ನುಂಗಿ ಅದನ್ನು ಕೆಳಗಿಳಿಸುವುದು ಕಣ್ಣಿಗೆ ಕಾಣುತ್ತಿತ್ತು. ರತ್ನವ್ವ ಒಂದು ಶಾಲು ಬಿಟ್ಟರು, ಆಮೇಲೆ ಟೋಪಿ ಬಿಟ್ಟರು. ಒಂದು ಸಂಜೆ ಹುರಿದ ಶೇಂಗಾದ ಬಟ್ಟಲನ್ನು ಅಳಿಯನ ಕಡೆ ಸರಿಸಿ, ತಾವೇ ಹೇಳಿದ ಪದ್ಧತಿಯನ್ನು ತಾವೇ ಮರೆತು, ಮಾತು ತೆಗೆದರು. ಅಂಗಡಿಯ ಮಾತು. ಇರುವೆ ತುಂಬಿದ ಬೆಲ್ಲದ ಪೆಂಟೆ ಮಾರಲು ಬಂದ ವ್ಯಾಪಾರಿಯೊಬ್ಬನ ಕಥೆ, ಅವನನ್ನು ಇವರು ಅದೇ ಪೆಂಟೆಯ ಮೇಲೆ ಕೂರಿಸಿ ಕಳಿಸಿದ ಕಥೆ. ಎಷ್ಟೋ ದಿನದಿಂದ ಹೇಳಲು ತಂದಿಟ್ಟುಕೊಂಡದ್ದು. ಸಂದು ಸಿಕ್ಕಿರಲಿಲ್ಲ ಅಷ್ಟೆ. ಗುರುದತ್ತ ಶೇಂಗಾ ತಿನ್ನುತ್ತಾ ಕೇಳಿದ. ಕಥೆಯಲ್ಲಿ ಮೂರು ಕಡೆ ಶ್ಲೇಷೆಗೆ ಜಾಗವಿತ್ತು. ಮೂರನ್ನೂ ಬಿಟ್ಟ.

ಜುಲೈ ಕೊನೆಗೆ ರತ್ನವ್ವ ಸಿಡ್ನಿಗೆ ಫೋನ್ ಮಾಡಿ, “ಟಿಕೀಟು ಬ್ಯಾಡೋ. ಇಲ್ಲೇ ಬೆಚ್ಚಗದೀನಿ,” ಎಂದರು. ನೀಲಾಂಬಿಕಾ ಅಂದು ತಟ್ಟೆಗಳನ್ನು ಒಂದೇ ಸಲ ತೊಳೆದಳು.

ಒಲೆಯ ಕೀರ್ತಿ ಹಬ್ಬಿತು. ಪರಿಚಯದ ಕನ್ನಡದವರೆಲ್ಲ ಬಂದು, ನಾಮದ ಒಲೆಯ ಜೊತೆ ಸೆಲ್ಫಿ ತೆಗೆದುಕೊಂಡು ಹೋದರು. ಸೆಪ್ಟೆಂಬರಿನಲ್ಲಿ ಯೋಗೀಶನೇ ಸಿಡ್ನಿಯಿಂದ ಹಾರಿಬಂದ. ಒಲೆಯ ಸುತ್ತ ಎರಡು ಸುತ್ತು ಬಂದ, ಬಗ್ಗಿ ಗಾಜು ನೋಡಿದ, ಹಿಂದೆ ಹೋಗಿ ಬಾಲ ನೋಡಿದ. ಅವ್ವ ಬರೀ ಸೀರೆಯಲ್ಲಿ, ಶಾಲಿಲ್ಲದೆ, ನಗುನಗುತ್ತಾ ಕೂತದ್ದನ್ನೂ ನೋಡಿದ. ಅವನ ಮನೆಯಲ್ಲಿ ಹೊಸ ಮಾದರಿಯ ಹೀಟಿಂಗೇ ಇತ್ತು. ಅಲ್ಲಿಯೂ ಅವ್ವ ಇಷ್ಟು ದಿನ ನಿಂತದ್ದಿಲ್ಲ.

ಯೋಗೀಶ ಗುರುದತ್ತನ ತೋಳು ಹಿಡಿದು ಗರಾಜಿಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿದ.

“ಭಾವ, ನಾನೂ ಇಂಥದ್ದೊಂದು ಹುಡುಕ್ತೀನಿ. ಏನ್ ಮಾಡಿದ್ರಿ, ಸರಿಯಾಗಿ ಹೇಳ್ರಿ. ತಿರುಪು ಬದ್ಲಿ ಮಾಡಿದ್ರಾ? ಗುಳಿಗೆ ಬೇರೆ ತರ್ಸಿದ್ರಾ? ಅವ್ವನ ಥಂಡಿ ಹೋಗ್ಲಿಕ್ಕೆ ಏನ್ ಮಾಡಿದ್ರಿ?”

ಗುರುದತ್ತ ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ.

“ಬಾಯಿ ಮುಚ್ಕೊಂಡೆ.”